ಬೇರು ಮರೆತ ತಳಿ

"ಸರ್, ಜೀನಿನ ಅಕ್ಷರಗಳು ಒಂದೂ ಬಿಡದೆ ತಾಳೆಯಾಗಿವೆ. ಇಷ್ಟಾದ ಮೇಲೂ ಗಿಡ ಬೆಳೆಸಿ ಪರೀಕ್ಷೆ ಮಾಡಲೇಬೇಕೆ?" ಎಂದು ವಾರಿಜ ತನ್ನ ಗುರುಗಳನ್ನು ಕೇಳಿದಳು.

ಅವಳ ಅವಸರಕ್ಕೆ ಕಾರಣವಿತ್ತು. ಬಟಾಣಿ ಬಿತ್ತನೆಗೆ ಐದು ವಾರ ಉಳಿದಿತ್ತು, ಗಿಡದ ಪರೀಕ್ಷೆಗೇ ನಾಲ್ಕು ವಾರ ಬೇಕು. ಬೀಜಕ್ಕೆ ಹಚ್ಚುವ ಬ್ಯಾಕ್ಟೀರಿಯಾದ ಪುಡಿಗಾಗಿ ಮುನ್ನೂರು ಮಂದಿ ರೈತರು ಕಾದಿದ್ದರು. ಸಿಬ್ಬಂದಿ ತಂದುಕೊಟ್ಟ ಮಣ್ಣಿನಿಂದ ನಲವತ್ತು ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಅವುಗಳ ಜೀನು ಓದಿ, ಯಾವುದು ಯಾವುದರ ಹತ್ತಿರದ ನೆಂಟ ಎಂದು ಅವಳು ವಿಂಗಡಿಸಿದ್ದಳು. ಒಳ್ಳೆಯ ಫಸಲಿನ ಹೊಲವೊಂದರ ಬ್ಯಾಕ್ಟೀರಿಯಾ, ಪ್ರಯೋಗಾಲಯದ ಫ್ರಿಜ್ಜಿನಲ್ಲಿದ್ದ ಹಳೆಯ ತಳಿಗೆ ಸರಿಯಾಗಿ ತಾಳೆಯಾಗಿತ್ತು. ಆ ಹಳೆಯ ತಳಿಯನ್ನೇ ಪುಡಿ ಮಾಡಿ ಕಳಿಸಿಬಿಡುವುದು ಅವಳ ಯೋಚನೆ.

ಮಾಲಿಂಗಪ್ಪ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಬ್ಬ ಸಂಶೋಧಕನಿದ್ದ," ಎಂದು ಶುರು ಮಾಡಿದರು.

ಆ ಸಂಶೋಧಕ ಒಂದು ಬಟಾಣಿ ಹೊಲಕ್ಕೆ ಹೋದ. ಗಿಡಗಳ ಬೇರಿನ ತುಂಬ ಗಂಟುಗಳಿದ್ದವು. ಉಗುರಿನಿಂದ ಸೀಳಿದರೆ ಒಳಗೆ ಕೆಂಪು. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಅಲ್ಲಿ ದುಡಿಯುತ್ತಿತ್ತು. ಅವನು ಅದನ್ನು ಗಾಜಿನ ನಳಿಕೆಯಲ್ಲಿ ತಂದ. ತಿಂಗಳಿಗೊಮ್ಮೆ ಹೊಸ ನಳಿಕೆಗೆ ಬದಲಿಸಿ, ಹೊಟ್ಟೆ ತುಂಬ ಆಹಾರ ಕೊಟ್ಟು, ಹಬ್ಬಕ್ಕೆ ಬಂದ ಅಳಿಯನಂತೆ ನೋಡಿಕೊಂಡ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷ ಆ ಬ್ಯಾಕ್ಟೀರಿಯಾ ಒಂದು ಬೇರನ್ನೂ ಮುಟ್ಟಲಿಲ್ಲ.

ಒಂದು ಸಲ ಅದರ ಪುಡಿ ಒಬ್ಬ ರೈತನ ಕೈಗೆ ಹೋಯಿತು. ಅವನ ಹೊಲದಲ್ಲಿ ಹಿಂದೆಂದೂ ಬಟಾಣಿ ಬೆಳೆದಿರಲಿಲ್ಲ, ಹಾಗಾಗಿ ಮಣ್ಣಿನಲ್ಲಿ ಆ ಬ್ಯಾಕ್ಟೀರಿಯಾ ಮೊದಲೇ ಇರಲಿಲ್ಲ. ಪುಡಿಯನ್ನು ನಂಬಿ ಅವನು ಗೊಬ್ಬರ ಹಾಕಲಿಲ್ಲ. ಗಿಡಗಳು ಮೊಣಕಾಲೆತ್ತರ ಬರುವ ಮೊದಲೇ ಹಳದಿಯಾದವು. ರೈತ ಒಂದು ಗಿಡ ಕಿತ್ತುಕೊಂಡು ಬಂದ. ಬೇರಿನಲ್ಲಿ ಒಂದೇ ಒಂದು ಗಂಟೂ ಇರಲಿಲ್ಲ.

ಸಂಶೋಧಕ ಗಾಬರಿಯಾಗಿ ಬ್ಯಾಕ್ಟೀರಿಯಾದ ಜೀನು ಓದಿಸಿದ. ಫಲಿತಾಂಶದ ಹಾಳೆ ಬಂದಾಗ ಅವನಿಗೆ ಹೋದ ಜೀವ ಬಂದಂತಾಯಿತು.

"ನೋಡಪ್ಪ, ಇದು ಅದೇ ತಳಿ. ಹದಿನಾಲ್ಕು ವರ್ಷದಲ್ಲಿ ಒಂದಕ್ಷರ ಕದಲಿಲ್ಲ," ಎಂದ. ಪಾಪ, ಹೆಮ್ಮೆಯಿಂದಲೇ ಹೇಳಿದ.

ರೈತ ಹಾಳೆಯನ್ನು ನೋಡಿದ, ಕೈಯಲ್ಲಿದ್ದ ಬೇರನ್ನೂ ನೋಡಿದ. "ಕುಲ ಅದೇ ಇರ್ಬೋದು ಸ್ವಾಮಿ. ಆದ್ರೆ ಇದು ಗೇಯೋದ್ನ ಮರ್ತೈತೆ," ಎಂದ.

ರೈತನ ಮಾತೇ ನಿಜವಾಗಿತ್ತು. ಕುಲ ಗುರುತಿಸುವ ಜೀನು ಒಂದು ಕಡೆ ಇರುತ್ತದೆ, ಗಂಟು ಕಟ್ಟಿಸುವ ಜೀನುಗಳು ಇನ್ನೊಂದು ಡಿಎನ್ಎ ಎಳೆಯಲ್ಲಿರುತ್ತವೆ. ಕೂತಲ್ಲೇ ಊಟ ಸಿಗುತ್ತಿದ್ದ ಬ್ಯಾಕ್ಟೀರಿಯಾ ಆ ಎಳೆಯನ್ನು ಯಾವತ್ತೋ ಕಳೆದುಕೊಂಡಿತ್ತು. ಸಂಶೋಧಕ ಓದಿಸಿದ್ದು ಮೊದಲನೆಯದನ್ನು ಮಾತ್ರ. ರೈತನಿಗೆ ಆ ವರ್ಷದ ಬೆಳೆ ಕೈಕೊಟ್ಟಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ವಾರಿಜಳ ಮುಖ ಬಿಸಿಯಾಯಿತು. ತನ್ನ ಮುನ್ನೂರು ರೈತರು ಕಣ್ಣ ಮುಂದೆ ಬಂದರು. ಆದರೂ ಸೋಲೊಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

"ಆಯ್ತು ಸರ್, ಪರೀಕ್ಷೆ ಮಾಡ್ತೀನಿ. ಆದ್ರೆ ನನ್ನ ವಿಂಗಡಣೆಯಲ್ಲಿ ತಪ್ಪಿಲ್ಲ. ಎಂಟು ವರ್ಷದಿಂದ ಈ ಕೋಣೆಯಲ್ಲಿ ಕೂತು ಇದನ್ನೇ ಮಾಡಿದ್ದೀನಿ," ಎಂದಳು.

ಮೇಷ್ಟ್ರು ಅವಳ ಬೆರಳುಗಳನ್ನು ನೋಡಿದರು. ವಾರಿಜ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು.

"ನಿನ್ನ ಕೈಗೆ ಮಣ್ಣು ಹತ್ತಿ ಎಷ್ಟು ವರ್ಷವಾಯ್ತಮ್ಮ?" ಎಂದು ಕೇಳಿದರು ಮೇಷ್ಟ್ರು.