ನವೇನ ಮುಗಿಯುವವರೆಗೆ

“ಮದರ್, ದೇವರ ಚಿತ್ತ ತಿಳಿಯದೆ ಹೆಜ್ಜೆ ಇಡಬಾರದು ಎಂದು ಕಲಿಸಿದ್ದೀರಿ. ಒಳ್ಳೆಯದನ್ನು ಮಾಡಲು ತಡಮಾಡಬಾರದು ಎಂದೂ ಕಲಿಸಿದ್ದೀರಿ. ಯಾವಾಗ ಕಾಯಬೇಕು, ಯಾವಾಗ ಕೂಡಲೇ ಎದ್ದು ಹೋಗಬೇಕು ಎಂದು ತಿಳಿಯುವುದು ಹೇಗೆ?”

ಕೇಳಿದವಳು ಕಾನ್ವೆಂಟಿಗೆ ಸೇರಿ ಒಂದು ವರ್ಷವಾಗಿದ್ದ ಸಿಸ್ಟರ್ ಬ್ರಿಜಿತಾ. ಎದುರಿಗೆ ಕುಳಿತಿದ್ದವರು ಹೊಸಬರಿಗೆ ಪಾಠ ಹೇಳುವ ಮದರ್ ಎವುಲಾಲಿಯಾ.

“ನೀನು ಈಗ ಏನನ್ನಾದರೂ ನಿರ್ಧರಿಸಬೇಕಾಗಿದೆಯೇ?”

“ಹೌದು, ಮದರ್. ಅದಕ್ಕಾಗಿ ಪ್ರಾರ್ಥಿಸುತ್ತಿದ್ದೇನೆ.”

“ಎಷ್ಟು ದಿನದಿಂದ?”

“ಮೂರು ವಾರದಿಂದ.”

ಮದರ್ ಮತ್ತೇನೂ ಕೇಳಲಿಲ್ಲ. ಈ ಕತೆಯನ್ನು ಹೇಳಿದರು.

ಒಂದು ಊರಿನ ಚರ್ಚಿನಲ್ಲಿ ಬಲಿಪೀಠದ ಬಟ್ಟೆಗಳನ್ನು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಳು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಪಾಟಿನಲ್ಲಿಡುವಳು. ಆ ಕೆಲಸದಲ್ಲಿ ಅವಳು ಎಂದೂ ತಪ್ಪು ಮಾಡಿದವಳಲ್ಲ. ಅದು ಅವಳಿಗೂ ಗೊತ್ತಿತ್ತು. ಅದೇ ಚರ್ಚಿನಲ್ಲಿ ಹೂವು ಜೋಡಿಸುವ ಇನ್ನೊಬ್ಬಳಿದ್ದಳು. ಅವಳ ಮಗಳಿಗೆ ಮದುವೆ ಗೊತ್ತಾಗಿತ್ತು. ಈಸ್ಟರ್ ಕಳೆದ ಮುಂದಿನ ಭಾನುವಾರ ಆ ಮದುವೆಯ ಪ್ರಕಟಣೆಯನ್ನು ಚರ್ಚಿನಲ್ಲಿ ಓದಬೇಕಿತ್ತು.

ಈಸ್ಟರ್ ಹಿಂದಿನ ಶನಿವಾರ ಹಬ್ಬದ ಕಸೂತಿ ಬಟ್ಟೆ ಸಿಗಲಿಲ್ಲ. ಬಟ್ಟೆ ನೋಡಿಕೊಳ್ಳುವವಳು ಚರ್ಚಿನ ಬಾಗಿಲಲ್ಲಿ, ಜನರ ಎದುರಿಗೇ, ಹೂವಿನವಳಿಗೆ ಹೇಳಿದಳು: “ಮಗಳ ಮದುವೆಗೆ ಪೆಟ್ಟಿಗೆ ತುಂಬುತ್ತಿದ್ದೀಯಲ್ಲ, ಒಮ್ಮೆ ಅದರ ತಳ ನೋಡು. ಕೈತಪ್ಪಿ ಸೇರಿರಬೇಕು!”

ನಾಲ್ಕು ಜನ ನಕ್ಕರು.

“ಅಕ್ಕಾ, ಬಲಿಪೀಠದ ಬಟ್ಟೆ ಹೊದಿಸಿ ಮಗಳನ್ನು ಕಳಿಸಿಕೊಡುತ್ತೇನೆಯೇ?” ಎಂದಳು ಹೂವಿನವಳು.

ಸೋಮವಾರ ಬೆಳಿಗ್ಗೆ ಬಟ್ಟೆ ನೋಡಿಕೊಳ್ಳುವವಳು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನೇರಳೆ ಬಟ್ಟೆಗಳನ್ನು ಒಗೆಯಲು ಬಿಡಿಸಿದಾಗ, ಅವುಗಳ ಮಡಿಕೆಯೊಳಗೆ ಕಸೂತಿ ಬಟ್ಟೆ ಇತ್ತು. ಶನಿವಾರ ಅವಸರದಲ್ಲಿ ಎರಡನ್ನೂ ಸೇರಿಸಿ ಮಡಿಚಿದ್ದವಳು ಅವಳೇ.

ಕ್ಷಮೆ ಕೇಳಬೇಕೆಂದು ಅವಳಿಗೆ ತಿಳಿದಿತ್ತು. ಆದರೆ ಯಾವಾಗ, ಯಾರ ಎದುರಿಗೆ, ಯಾವ ಮಾತಿನಲ್ಲಿ? ದೇವರ ಚಿತ್ತ ತಿಳಿಯಲೆಂದು ಅಂದೇ ಪವಿತ್ರಾತ್ಮರಿಗೆ ಒಂಬತ್ತು ದಿನಗಳ ನವೇನ ಪ್ರಾರ್ಥನೆ ಆರಂಭಿಸಿದಳು. ಒಂದು ಪದವನ್ನೂ ಬಿಡದೆ ಪ್ರಾರ್ಥಿಸಿದಳು. “ಹಬ್ಬ ಮುಗಿದರೂ ಇವರು ಮೊಣಕಾಲೂರಿದಲ್ಲಿಂದ ಎದ್ದಿಲ್ಲ, ಎಂಥ ಭಕ್ತಿ!” ಎಂದು ಉಳಿದ ಹೆಂಗಸರು ಹೊಗಳಿದರು. ಅವಳು ಆ ಹೊಗಳಿಕೆಯನ್ನು ತಡೆಯಲಿಲ್ಲ.

ಮೂರನೆಯ ದಿನ ಹೂವಿನವಳು ದಾರಿಯಲ್ಲಿ ಎದುರಾದಳು. ನವೇನ ಮುಗಿದಿಲ್ಲವೆಂದು ಇವಳು ರಸ್ತೆಯ ಆಚೆ ಬದಿಗೆ ಸರಿದಳು.

ಏಳನೆಯ ದಿನ ಭಾನುವಾರ. ಪಾದ್ರಿಗಳು ಎರಡು ಮದುವೆಗಳ ಪ್ರಕಟಣೆ ಓದಿದರು. ಹೂವಿನವಳ ಮಗಳ ಹೆಸರು ಬರಲಿಲ್ಲ. ಜನ ತಿರುಗಿ ತಾಯಿಯ ಮುಖ ನೋಡಿದರು. ಇವಳೂ ನೋಡಿದಳು. ಇನ್ನೂ ಎರಡು ದಿನದ ಪ್ರಾರ್ಥನೆ ಬಾಕಿಯಿತ್ತು. ಅದನ್ನೂ ಮುಗಿಸಿದಳು.

ಹತ್ತನೆಯ ದಿನ ಹೋಗಿ ಹೂವಿನವಳ ಬಾಗಿಲು ತಟ್ಟಿದಳು. ನಡೆದುದನ್ನೆಲ್ಲ ಹೇಳಿ ಅತ್ತಳು.

“ಅಳಬೇಡಿ ಅಕ್ಕಾ, ನಾನು ಕ್ಷಮಿಸಿದ್ದೇನೆ,” ಎಂದಳು ಹೂವಿನವಳು. “ಕಳ್ಳಿಯ ಮಗಳು ನಮಗೆ ಬೇಡವೆಂದು ಗಂಡಿನ ಕಡೆಯವರು ಶುಕ್ರವಾರ ಹೇಳಿಕಳಿಸಿದರು. ಈ ಮಾತನ್ನು ಗುರುವಾರ ಬಂದು ಹೇಳಿದ್ದರೂ ಸಾಕಾಗಿತ್ತು.”

ಮಗಳು ಒಳಗಿದ್ದಳು. ಹೊರಗೆ ಬರಲಿಲ್ಲ.

ಮದರ್ ಅಲ್ಲಿಗೆ ನಿಲ್ಲಿಸಿದರು. ಸಿಸ್ಟರ್ ಬ್ರಿಜಿತಾ ಕೇಳಿದಳು: “ಒಂಬತ್ತು ದಿನ ಬೇಡಿದರೂ ದೇವರು ಅವಳಿಗೆ ಉತ್ತರ ಕೊಡಲಿಲ್ಲವೇ, ಮದರ್?”

“ಮೊದಲೇ ಕೊಟ್ಟಿದ್ದರು, ಮಗಳೇ, ಬಟ್ಟೆ ಕಂಡ ಗಳಿಗೆಯಲ್ಲಿ ಅವಳಿಗಾದ ನಾಚಿಕೆಯೇ ಆ ಉತ್ತರ, ಅದು ಆರಲಿ ಎಂದು ಅವಳು ಒಂಬತ್ತು ದಿನ ಪ್ರಾರ್ಥಿಸಿದಳು.”

ಸಿಸ್ಟರ್ ಬ್ರಿಜಿತಾ ತಲೆ ಎತ್ತಲಿಲ್ಲ.