ಒಡ್ಡು ನೋಡಲು ಹೋದ ನಟ

"ಗುರುಗಳೇ, ಕೇಡು ಬರುತ್ತದೆಂದು ಮುಂಚೆಯೇ ಹೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರ ಮಾತನ್ನು ಯಾರು ನಿಜವಾಗಿ ನಂಬಿದರೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ನದಿಯ ಪಕ್ಕದಲ್ಲಿ ಒಂದು ನಗರವಿತ್ತು. ನಗರವನ್ನು ಕಾಯುತ್ತಿದ್ದ ಮಣ್ಣಿನ ಒಡ್ಡನ್ನು ನದಿ ವರ್ಷವರ್ಷವೂ ಕೊರೆಯುತ್ತಿತ್ತು. ಅಲ್ಲಿ ಒಂದು ನಾಟಕ ನಡೆಯುತ್ತಿತ್ತು. ಅದರಲ್ಲಿ ಒಬ್ಬ ಕಾಲಜ್ಞಾನಿ, ಒಬ್ಬ ಬಂಡಾಯಗಾರ. "ಒಡ್ಡು ಒಡೆಯುತ್ತದೆ, ನಗರ ಮುಳುಗುತ್ತದೆ" ಎನ್ನುತ್ತಾನೆ ಕಾಲಜ್ಞಾನಿ. "ಮೊದಲು ಅರಸನನ್ನು ಇಳಿಸೋಣ, ಒಡ್ಡಿನ ಮಾತು ಆಮೇಲೆ" ಎನ್ನುತ್ತಾನೆ ಬಂಡಾಯಗಾರ. ಕೊನೆಗೆ ನೀರು ನುಗ್ಗಿ ಇಬ್ಬರೂ ಸಾಯುತ್ತಾರೆ. ಜನ ಕಣ್ಣೊರೆಸಿಕೊಂಡು ಏಳುತ್ತಿದ್ದರು. ಇಬ್ಬರಲ್ಲಿ ಯಾರು ಸರಿ ಎಂದು ಮನೆ ಮುಟ್ಟುವವರೆಗೂ ವಾದಿಸುತ್ತಿದ್ದರು.

ಒಂದು ಸಂಜೆ ನಾಟಕ ಮುಗಿದ ಮೇಲೆ ಕುಂಬಾರರ ಹೆಂಗಸೊಬ್ಬಳು ಕಾಲಜ್ಞಾನಿಯ ಪಾತ್ರ ಮಾಡುವ ನಟನ ಬಳಿಗೆ ಬಂದಳು.

"ಒಡ್ಡು ಯಾವ ಕಡೆ ಒಡೆಯುತ್ತದಪ್ಪಾ?"

"ಅದು ನಾಟಕದ ಮಾತು ತಾಯಿ. ನಾನು ಒಡ್ಡಿನ ಕಡೆ ಹೋದವನೇ ಅಲ್ಲ."

"ಹೋಗದೆಯೇ ಅಷ್ಟು ಚೆನ್ನಾಗಿ ಹೇಳುತ್ತೀಯಲ್ಲ!" ಎಂದು ಅವಳು ಹೊರಟುಹೋದಳು.

ಅವಳು ಮೆಚ್ಚಿದಳೋ ಹಂಗಿಸಿದಳೋ ನಟನಿಗೆ ತಿಳಿಯಲಿಲ್ಲ. ಆ ಮಾತು ಮಾತ್ರ ಅವನನ್ನು ಬಿಡಲಿಲ್ಲ. ಬೆಳಗಾಗುತ್ತಲೇ ಒಡ್ಡು ನೋಡಲು ಹೋದ. ಆ ಹೆಂಗಸು ಆಗಲೇ ಅಲ್ಲಿದ್ದಳು. ಉತ್ತರದ ತುದಿಯಲ್ಲಿ ನೀರು ಜಿನುಗುತ್ತಿತ್ತು. ಅವಳು ಬುಟ್ಟಿಯಲ್ಲಿ ಜೇಡಿಮಣ್ಣು ತಂದು ಮೆತ್ತುತ್ತಿದ್ದಳು. ನಟ ಒಡ್ಡಿಗೆ ಬೆರಳಿಟ್ಟು ನೋಡಿದ. ಬೆರಳು ಪೂರ್ತಿ ಒಳಗೆ ಹೋಯಿತು. ತಾನು ನಲವತ್ತು ದಿನ ಆಡಿದ ಮಾತಿಗೆ ಅವನು ಮೊದಲ ಸಲ ಹೆದರಿದ. ಅವನೂ ಬುಟ್ಟಿ ಹೊತ್ತ.

ಅವಳು ತಂದ ಮಣ್ಣು ಸಾಲಲಿಲ್ಲ. ಹತ್ತಿರದಲ್ಲಿ ಗಟ್ಟಿ ಮಣ್ಣು ಇದ್ದದ್ದು ಅರಸನ ತೋಟದಲ್ಲಿ. ಇಬ್ಬರೂ ಅಲ್ಲಿಗೆ ಹೋದಾಗ ಕಾವಲುಗಾರ ಈಟಿ ಅಡ್ಡ ಹಿಡಿದ. ಅಷ್ಟರಲ್ಲಿ ಬಂಡಾಯಗಾರನ ಪಾತ್ರ ಮಾಡುವವನು ಗೆಳೆಯನನ್ನು ಹುಡುಕುತ್ತ ಬಂದ. ರಂಗದ ಮೇಲೆ ಗುಡುಗುತ್ತಿದ್ದ ಅವನು ಈಟಿ ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಮುಂದೆ ಬಂದು, "ಅಣ್ಣಾ, ನಿನ್ನ ಮನೆಯೂ ತಗ್ಗಿನಲ್ಲೇ ಅಲ್ಲವೇ?" ಎಂದ. ಕಾವಲುಗಾರ ನದಿಯ ಕಡೆಗೊಮ್ಮೆ ತಿರುಗಿ ನೋಡಿದ. ಆಮೇಲೆ ಈಟಿ ಕೆಳಗಿಟ್ಟು ಗುದ್ದಲಿ ಹಿಡಿದ.

ಅಂದು ಸಂಜೆ ನಾಟಕ ನಡೆಯಲಿಲ್ಲ. ನಟರನ್ನು ಹುಡುಕಿಕೊಂಡು ಬಂದ ಜನ ಅವರನ್ನು ಒಡ್ಡಿನ ಮೇಲೆ ಕಂಡರು. ಕೆಲವರು ಗೊಣಗುತ್ತ ಹಿಂದಿರುಗಿದರು. ಉಳಿದವರು ಸೆರಗು ಕಟ್ಟಿ, ಪಂಚೆ ಎತ್ತಿ ಮಣ್ಣು ಹೊತ್ತರು. ಎಂಟು ದಿನದ ಮೇಲೆ ಪ್ರವಾಹ ಬಂತು. ನೀರು ಅಂಚಿನವರೆಗೂ ಏರಿ ಮೂರು ದಿನ ನಿಂತಿತು. ಒಡ್ಡು ಒಡೆಯಲಿಲ್ಲ.

"ಹಾಗಾದರೆ ಕಾಲಜ್ಞಾನಿಯ ಮಾತು ಸುಳ್ಳಾಯಿತಲ್ಲ, ಗುರುಗಳೇ?" ಎಂದ ಶಿಷ್ಯ.

"ಅದನ್ನು ಸುಳ್ಳು ಮಾಡಿದವರು ಮಾತ್ರ ಅದನ್ನು ನಿಜವಾಗಿ ನಂಬಿದವರು" ಎಂದರು ಗುರು.