ಕಾವಿ ಒಣಗುವ ಮೊದಲು

ನದಿದಂಡೆಯ ಆಶ್ರಮದಲ್ಲಿ ತಿಮ್ಮಣಾಚಾರಿ ಎಂಬ ಗುರುಗಳು ಕಾವಿ ಚಿತ್ರ ಕಲಿಸುತ್ತಿದ್ದರು.

ಸುಣ್ಣದ ಬಿಳಿ ಗಾರೆಯ ಮೇಲೆ ಕೆಂಪು ಕಾವಿ ಬಳಿಯಬೇಕು. ಅದು ಹಸಿಯಿರುವಾಗಲೇ ಕಬ್ಬಿಣದ ಕಂಟದಿಂದ ಗೀರಬೇಕು. ಆಗ ಒಳಗಿನ ಬಿಳುಪು ಗೆರೆಯಾಗಿ ಕಾಣುತ್ತದೆ. ಒಣಗಿದ ಮೇಲೆ ಗೀರಲು ಬರುವುದಿಲ್ಲ. ಗೀರಿದ್ದನ್ನು ಮುಚ್ಚಲೂ ಬರುವುದಿಲ್ಲ.

ಆರು ವರ್ಷ ಗಾರೆ ಕಲಸಿದ ಮೇಲೆ ಶಿಷ್ಯ ಮಾಬಲನಿಗೆ ಅವನದೇ ಒಂದು ಗೋಡೆ ಸಿಕ್ಕಿತು. ಗೋಡೆಯನ್ನು ಬರಿದೇ ಒಣಗಲು ಬಿಟ್ಟವನು, ಇಲ್ಲವೇ ಗೀರಿ ಕೆಡಿಸಿದವನು, ಅದನ್ನು ತಾನೇ ಕೆರೆದು ತೆಗೆದು, ಕಂಟವನ್ನು ಗುರುಗಳಿಗೆ ಒಪ್ಪಿಸಿ ಮನೆಗೆ ಹೋಗಬೇಕು. ಅದು ಅಲ್ಲಿಯ ಕಟ್ಟಳೆ.

ಬೆಳಿಗ್ಗೆ ಕಾವಿ ಬಳಿದಾಯಿತು. ಮಧ್ಯಾಹ್ನವಾದರೂ ಮಾಬಲ ಒಂದು ಗೆರೆ ಎಳೆದಿರಲಿಲ್ಲ.

"ಯಾರ ದಾರಿ ಕಾಯುತ್ತಿದ್ದೀ, ತಮಾ?" ಎಂದರು ಗುರುಗಳು.

"ನಿನ್ನೆ ಬಂದ ಪಂಡಿತರು ಕೇಳಿದರು. ನೀನು ಗೋಡೆ ಕೆರೆಯುತ್ತೀ, ಕೋಳಿ ತಿಪ್ಪೆ ಕೆರೆಯುತ್ತದೆ, ವ್ಯತ್ಯಾಸವೇನು ಅಂತ. ಆಗಿನಿಂದ ಊಟ ಸೇರುತ್ತಿಲ್ಲ."

"ಕೋಳಿಗೆ ಹುಳವಾದರೂ ಸಿಗುತ್ತದೆ."

"ತಮಾಷೆಯಲ್ಲ, ಗುರುಗಳೇ. ಕಲೆ ಅಂದರೆ ಏನು ಅಂತ ಗೊತ್ತಾಗದೆ ಕೈ ಏಳುತ್ತಿಲ್ಲ."

"ಹಾಗಿದ್ದರೆ ಬೇಗ ಗೊತ್ತುಮಾಡಿಕೋ. ಬಿಸಿಲು ಏರಿದೆ."

ಮಾಬಲ ಗೋಡೆಯ ಮುಂದೆ ಕೂತು ಹೇಳಿದ:

"ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು. ಅಲ್ಲವೇ?"

ಗುರುಗಳು ನದಿಯ ಕಡೆ ಬೆರಳು ಮಾಡಿದರು. ಆಚೆ ದಡದ ಮಾವಿನ ಮರ, ಅದರ ಒಂದೊಂದು ಟೊಂಗೆಯೂ, ನಿಂತ ನೀರಿನಲ್ಲಿ ಕಾಣುತ್ತಿತ್ತು.

"ಹಾಗಾದರೆ ಸಂತೋಷ ಕೊಡುವುದು."

ಗುರುಗಳು ಪಂಚೆಯ ಮಡಿಕೆಯಿಂದ ಬೆಲ್ಲದ ಚೂರು ತೆಗೆದು ಅವನ ಬಾಯಿಗಿಟ್ಟರು.

"ಸಂತೋಷವಾಯಿತೆ?"

"ಆಯಿತು."

"ಬೆಲ್ಲ ಕಾಸಿದವನನ್ನೇ ಕರೆದು ಈ ಗೋಡೆ ಕೊಡಲೇ?"

ಮಾಬಲ ಎದ್ದು ಗೋಡೆಗೆ ಉಗುರು ತಾಗಿಸಿದ. ಮೇಲಿನ ಅಂಚು ಆಗಲೇ ಕಲ್ಲಾಗಿತ್ತು. ಕಂಟ ಎತ್ತಿಕೊಂಡು, ಹಣ್ಣು ಕುಕ್ಕುವ ಗಿಳಿಯೊಂದನ್ನು ಗೀರತೊಡಗಿದ. ಹಣ್ಣು ಬಂತು. ಮೈ ಬಂತು. ಕುತ್ತಿಗೆಯ ಹತ್ತಿರ ಕೈ ನಡುಗಿತು. ಗೆರೆ ಹಿಂದಕ್ಕೆ ಜಾರಿತು.

"ಕೆಟ್ಟಿತು," ಎಂದ ಮಾಬಲ. "ನಾನು ಮನೆಗೆ ಹೋದ ಹಾಗೆಯೇ."

ಗುರುಗಳು ಹತ್ತಿರ ಬಂದು ನೋಡಿದರು.

"ಹಣ್ಣು ಎದುರಿಗಿದ್ದರೂ ಈ ಗಿಳಿ ಯಾಕೆ ಹಿಂದೆ ತಿರುಗಿತು?"

"ನನ್ನ ಕೈ ನಡುಗಿತು."

"ನಿನ್ನ ಕೈಯ ಸುದ್ದಿ ಯಾರಿಗೆ ಬೇಕು, ಮಾರಾಯಾ? ಗಿಳಿಯ ಸುದ್ದಿ ಹೇಳು."

ಮಾಬಲ ಗೆರೆ ಜಾರಿದ ಕಡೆ ನೋಡಿದ.

"ಹಿಂದೆ ಏನೋ ಸದ್ದಾಗಿರಬೇಕು."

"ಏನು?"

ಮಾಬಲ ಗಿಳಿಯ ಬೆನ್ನ ಹಿಂದೆ ಒಂದು ಟೊಂಗೆ ಗೀರಿದ. ಟೊಂಗೆಗೆ ಸುತ್ತಿಕೊಂಡು ಹಾವೊಂದು ಹತ್ತಿಬಂತು. ಹಾವು ಬಂದ ಮೇಲೆ, ಅದು ಯಾತಕ್ಕೆ ಬಂತೋ ಆ ಪೊಟರೆಯೂ ಬೇಕಾಯಿತು. ಪೊಟರೆಯಲ್ಲಿ ಎರಡು ಮರಿಗಳು ಬಾಯಿ ತೆರೆದವು. ಮರಿಗಳನ್ನು ಗೀರಿದ ಮೇಲೆ ಗಿಳಿಗೆ ರೆಕ್ಕೆ ಬಿಚ್ಚದೆ ದಾರಿಯಿರಲಿಲ್ಲ.

ಹೊತ್ತು ಇಳಿಯಿತು. ಗೋಡೆಯ ಮೇಲ್ಭಾಗ ಬರಿಯ ಕೆಂಪಾಗಿಯೇ ಒಣಗಿಹೋಗಿತ್ತು. ಕೆಳಗೆ ಮಾತ್ರ ಹಾವು ಪೊಟರೆಯಿಂದ ಒಂದು ಗೇಣು ದೂರದಲ್ಲಿತ್ತು. ಗಿಳಿ ಇನ್ನೂ ತಲುಪಿರಲಿಲ್ಲ.

ಮಾಬಲ ಕಂಟವನ್ನು ಕೆಳಗಿಟ್ಟು ಗುರುಗಳ ಕಡೆ ತಿರುಗಿದ.

"ಈಗ ಹೊಳೆಯಿತು, ಗುರುಗಳೇ. ಹಿಂದಕ್ಕೆ ಪಡೆಯಲಾಗದ ಒಂದು ಗೆರೆಗೆ ಇನ್ನೊಂದು ಗೆರೆಯಿಂದ ಉತ್ತರ ಕೊಡುವುದು. ಕಲೆ ಅಂದರೆ ಅದೇ ಅಲ್ಲವೇ? ಪಂಡಿತರಿಗೆ ಹೀಗೇ ಹೇಳಲೇ? ಒಮ್ಮೆ ಹೌದು ಅನ್ನಿ, ನನಗೆ ಸಮಾಧಾನವಾಗುತ್ತದೆ."

ಗುರುಗಳು ಬಗ್ಗಿ, ಗೋಡೆಯ ಬುಡಕ್ಕೆ ಹೆಬ್ಬೆರಳು ಒತ್ತಿದರು.

"ಈ ಮೂಲೆ ಇನ್ನೂ ಹಸಿ ಇದೆ," ಎಂದರು.